ಮೆರುಗಿನವಳು

ಔಷಧಿ ಅಂಗಡಿಯ ಇಲಾರಿಯೊ
ಕನ್ನಡಕದ ಮೇಲಿಂದ ನೋಡುತ್ತಾನೆ:
‘ಮತ್ತೊಂದು ಲೀಟರೇ, ಒಬ್ದೂಲಿಯಾ?
ಹೋದ ವಾರವಷ್ಟೇ ಒಯ್ದಿದ್ದೆ.’
‘ಕುಡಿಯೋದು ನಾನಲ್ಲ, ಗಿಟಾರು’ ಅನ್ನುತ್ತಾಳೆ ಅತ್ತೆ.
ಸ್ಪಿರಿಟ್ಟಿನ ಸೀಸೆ ಶಾಲಿನೊಳಗೆ ಬಚ್ಚಿಡುವುದಿಲ್ಲ.
ಎದೆಗವಚಿ, ನೋಡುವವರು ನೋಡಲೆಂದು
ಗ್ರನಾದಾದ ಏರುಬೀದಿ ಹತ್ತುತ್ತಾಳೆ.
ಹಿಂದೆ ನಾನು, ಹನ್ನೊಂದು ವರ್ಷದವನು,
ಕಂಕುಳಲ್ಲಿ ಬ್ರೆಡ್ಡು, ಮೂಗಲ್ಲಿ ನೆಗಡಿ.

ಅಡುಗೆಮನೆಯ ತಕ್ಕಡಿಯಲ್ಲೇ ತೂಕ:
ಅರ್ಧ ಲೀಟರಿಗೆ ಅರವತ್ತು ಗ್ರಾಂ.
ಅರಗಿನ ಚಕ್ಕೆ, ಈರುಳ್ಳಿ ಸಿಪ್ಪೆಯ ಬಣ್ಣ,
ಕಿಟಕಿಗೆ ಹಿಡಿದರೆ ಜೇನು,
ಬೆರಳಲ್ಲಿ ಮುರಿದರೆ ಚಟ್ಟೆನ್ನಬೇಕು.
ಚೀಲದ ಮೇಲೆ ಮಸುಕು ಮುದ್ರೆ: ಕಲ್ಕತ್ತಾ.
‘ಅದೆಲ್ಲಿದೆ ಅತ್ತೆ?’
‘ಮಾಲಗಾ ದಾಟಿದ ಮೇಲೆ.’

ಕಾಫಿ ಬೀಸುವ ಗಿರಣಿಗೆ ಹಾಕಿ ಬೀಸಿದಳು.
(ಆ ವಾರವೆಲ್ಲ ಕಾಫಿಗೆ ಅರಗಿನ ವಾಸನೆ.
ಎಲಾದಿಯೊ ಮಾವ ಬೈದ. ಬೈದು, ಕುಡಿದ.)
ಜಾಮಿನ ಜಾಡಿಗೆ ಸುರಿದು, ಸ್ಪಿರಿಟ್ಟು ಹೊಯ್ದು
ನನ್ನ ಕೈಗಿತ್ತಳು:
‘ಚರ್ಚಿನ ಗಂಟೆ ಹೊಡೆದಾಗೆಲ್ಲ ಕುಲುಕು.
ಮರೆತೆಯೋ, ತಳ ಹಿಡಿದು ಗಟ್ಟಿಯಾಗಿ ಕೂರುತ್ತೆ,
ನಿಮ್ಮ ಮಾವನ ಹಾಗೆ.’
ಕುಲುಕಿದೆ. ನಿದ್ದೆಗಣ್ಣಲ್ಲೂ ಕುಲುಕಿದೆ.
ಮರುದಿನ ಅವಳ ಹಳೇ ಕಾಲುಚೀಲದಲ್ಲಿ ಸೋಸುವಾಗ
ಕಸದ ನಡುವೆ ಉಳಿದದ್ದು ಒಂದು ಕಾಲು,
ಸಾಸಿವೆಗಿಂತ ಸಣ್ಣ ಹುಳುವಿನದು.
ಅಷ್ಟು ದೂರದಿಂದ
ಒಂಟಿಕಾಲಲ್ಲಿ ಬಂದಿತ್ತು.

ಒಳಗೆ ಉಣ್ಣೆ, ಹೊರಗೆ ನಾರುಬಟ್ಟೆ,
ಮಾವನ ಮದುವೆಯಂಗಿಯ ಹಿಂಭಾಗ, ಹೊಲಿಗೆ ಬಾರದ ಕಡೆ.
ಬಿಗಿದು ಕಟ್ಟಿದರೆ ಮೊಟ್ಟೆಯಷ್ಟು ಗಂಟು.
ಅರಗು ನಾಲ್ಕು ಹನಿ. ಆಲಿವ್ ಎಣ್ಣೆ
ಬೆರಳು ನೆನಪಿಟ್ಟುಕೊಳ್ಳುವಷ್ಟು.
ಮುಂಗೈಗೆ ಒತ್ತಿ ನೋಡುತ್ತಾಳೆ,
ಕೂಸಿನ ಹಾಲಿನ ಬಿಸಿ ನೋಡಿದಂತೆ.

ನಿಲ್ಲಬಾರದು.
ಸುತ್ತು, ಸುತ್ತಿನೊಳಗೆ ಸುತ್ತು, ಆಮೇಲೆ ಎಂಟು,
ಮರಕ್ಕೆ ಇಳಿಯುವಾಗಲೂ ಓಡುತ್ತಲೇ ಇಳಿಯಬೇಕು,
ಏಳುವಾಗಲೂ ಓಡುತ್ತಲೇ.
ಬಾಗಿಲು ಬಡಿಯಲಿ, ಹಾಲು ಉಕ್ಕಲಿ.
ನಿಂತರೆ ಗಂಟು ಅಲ್ಲೇ ಅಂಟಿ
ಮೂರು ದಿನದ ಹೊಳಪು ಸಿಪ್ಪೆಯೆದ್ದು ಬರುತ್ತೆ.
ಒಮ್ಮೆ ನಿಂತಿದ್ದಳಂತೆ. ತಂತಿ ಬಂದಿತ್ತು,
ಗಿಟಾರಿಗೆ ಕಟ್ಟುವ ತಂತಿಯಲ್ಲ.
ಏನು ಸುದ್ದಿಯೆಂದು ಯಾರೂ ಹೇಳಲಿಲ್ಲ,
ನಾನೂ ಕೇಳಲಿಲ್ಲ.

ಆ ಚಳಿಗಾಲ ಬ್ಯೂನಸ್ ಐರಿಸ್‌ನಿಂದ
ಗಿಟಾರೊಂದು ರಿಪೇರಿಗೆ ಮರಳಿತು.
ಬೆನ್ನಲ್ಲಿ ಅಂಗಿ ಗುಂಡಿ ಗೀಚಿದ ಗೆರೆ,
ಮೊಣಕೈ ಬೆವರು ತಿಂದ ಜಾಗ,
ಹೊಟ್ಟೆ ಮೇಲೆ ದುಂಡಗೆ ಬಿಳಿ ಉಂಗುರ:
ಪುಣ್ಯಾತ್ಮ ಬ್ರಾಂಡಿ ಲೋಟ ಇಟ್ಟಿದ್ದ.
ಅತ್ತೆ ಬೆರಳಾಡಿಸಿದಳು, ಬೈಯಲಿಲ್ಲ.
‘ನೋಡಿಲ್ಲಿ. ವಾರ್ನಿಷು ಒಂದರ ಮೇಲೊಂದು ಕೂರುತ್ತೆ,
ಮಾತು ಬಿಟ್ಟ ಅತ್ತೆ ಸೊಸೆಯರ ಹಾಗೆ.
ಅರಗು ಹಾಗಲ್ಲ.
ಹೊಸದು ಬಂದು ಹಳೆಯದನ್ನು ಕರಗಿಸಿ
ತಾನೂ ಕರಗಿ ಕೂಡಿಕೊಳ್ಳುತ್ತೆ.
ಎಲ್ಲಿ ಹೋದ ವರ್ಷ, ಎಲ್ಲಿ ಈ ವರ್ಷ,
ಉಗುರಿಗೂ ಸಿಗದು.’

ಸಂಜೆ ಗಿರಾಕಿಗಳು ಬರುತ್ತಾರೆ.
ತೂತಿನೊಳಗೆ ಒಂದೇ ಕಣ್ಣಿಟ್ಟು
ಚೀಟಿ ಓದುತ್ತಾರೆ: ಎಲಾದಿಯೊ ಕಿರೋಸ್.
ಓಹೋ ಅನ್ನುತ್ತಾರೆ, ತಲೆದೂಗುತ್ತಾರೆ.
ಅಷ್ಟು ಹೊತ್ತೂ ಅವರ ಅಂಗೈ
ತನಗೇ ಗೊತ್ತಿಲ್ಲದೆ ಹೊರಮೈ ಸವರುತ್ತಿರುತ್ತದೆ.
ಅತ್ತೆ ಒಳಗೆ ಬೇಳೆ ಆರಿಸುತ್ತಿರುತ್ತಾಳೆ.

ಆ ಮನೆಯಲ್ಲಿ ಅವಳ ಹೆಸರಿದ್ದುದು ಜಾಡಿಯ ಮೇಲೆ,
ಪೆನ್ಸಿಲಿನಲ್ಲಿ:
ಒಬ್ದೂಲಿಯಾ. ನವೆಂಬರ್ ಹದಿನಾಲ್ಕು. ಮುಟ್ಟಬೇಡಿ.
ಆರು ತಿಂಗಳು ದಾಟಿದರೆ ಅರಗು ಒಣಗುವುದಿಲ್ಲ.
ಗಾಜಿನ ಮೇಲೆ ಒಂದು ಹನಿ ಬಿಟ್ಟು,
ಮರುದಿನ ಉಗುರೊತ್ತಿ, ಅಂಟಿದರೆ
ಅಂಗಳಕ್ಕೆ ಚೆಲ್ಲಿ, ಚೀಟಿ ನೆನೆಸಿ ಕಿತ್ತು
ಜಾಡಿ ತೊಳೆಯುತ್ತಾಳೆ.

ಒದ್ದೆ ಚೀಟಿ ಹಿಡಿದು ಕೇಳಿದೆ:
‘ಇದನ್ನೂ ಗಿಟಾರಿನೊಳಗೆ ಅಂಟಿಸಲಾ ಅತ್ತೆ,
ಮಾವನದರ ಪಕ್ಕ?’
ನಕ್ಕಳು, ಜಾಡಿ ಕೈಜಾರುವಷ್ಟು.
‘ಮುಟ್ಟಬೇಡಿ ಅಂತ ಬರೆದಿದೆಯಲ್ಲೋ ಪೆದ್ದ,
ಆಮೇಲೆ ನುಡಿಸೋರು ಯಾರು?’